ದೀಪದ ಮುಂದೆ ಕೂತ ಇಗ್ವಾನಾ

ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಲಿಫ್ಟಿನ ಒಳಗೋಡೆಗೆ ಒಂದು ನೋಟಿಸು ಅಂಟಿಸಿದ್ದರು: ‘ತಾರಸಿಗೆ ಯಾವುದೇ ಪ್ರಾಣಿಯನ್ನು ತರುವಂತಿಲ್ಲ.’ ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಒಂದು ಮೂಲೆಯ ಟೇಪು ಬಿಟ್ಟುಕೊಂಡು ಕಾಗದ ಓರೆಯಾಗಿ ನೇತಾಡುತ್ತಿತ್ತು. ಓರೆಯಾದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಸೊಂಟದ ಮೇಲಿದ್ದ ಬಟ್ಟೆಬುಟ್ಟಿಯನ್ನು ಕೆಳಗಿಟ್ಟು, ಟೇಪನ್ನು ಹೆಬ್ಬೆರಳಿನಿಂದ ತೀಡಿ ಸರಿಯಾಗಿ ಅಂಟಿಸಿದೆ. ಆಮೇಲೆ ಬುಟ್ಟಿಯನ್ನು ಮತ್ತೆ ಎತ್ತಿಕೊಂಡು ತಾರಸಿಯ ಗುಂಡಿ ಒತ್ತಿದೆ. ಬುಟ್ಟಿಯೊಳಗೆ, ಹಳೆಯ ಇಳಕಲ್ ಸೀರೆಯ ಕೆಳಗೆ, ಇಗ್ವಾನಾ ಮಲಗಿತ್ತು.

ನಾನು ಜಗಳಗಂಟಿಯಲ್ಲ. ತರಕಾರಿಯವನು ಕೊಳೆತ ಟೊಮ್ಯಾಟೊ ಒಂದನ್ನು ಚೀಲಕ್ಕೆ ಸೇರಿಸಿದ್ದನ್ನು ಕಂಡರೂ ಕಾಣದಂತೆ ಬರುವವಳು. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ್ದರ ಫಲವೋ ಏನೋ, ದನಿ ಏರಿಸುವುದಕ್ಕೆ ನನಗೆ ಬರುವುದೇ ಇಲ್ಲ. ಆದರೂ ಆ ವರ್ಷ ಸಂಘದವರ ಮಾತು ಮೀರಿದೆ, ಅಂಗಡಿಯವನ ಮಾತು ಮೀರಿದೆ, ಮನೆಯವರ ಮಾತನ್ನೂ ಮೀರಿದೆ. ಅದೂ ಓತಿಕ್ಯಾತಕ್ಕೆ ದೊಡ್ಡಣ್ಣನಂತಿದ್ದ ಒಂದು ಹಸಿರು ಪ್ರಾಣಿಗಾಗಿ.

ಅದು ಬಂದದ್ದು ಶಿವರಾತ್ರಿಗೆ ಒಂದು ವಾರ ಮುಂಚೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹೊಸ ದಂಪತಿಗಳಿಗೆ ಪುಣೆಗೆ ವರ್ಗವಾಗಿತ್ತು. ಅಲ್ಲಿ ಮನೆ ನೋಡಿಕೊಂಡು ಬರುತ್ತೇವೆಂದು ಹೊರಟವರು ಒಂದು ಗಾಜಿನ ಪೆಟ್ಟಿಗೆಯನ್ನು ನಮ್ಮ ಹಾಲಿನಲ್ಲಿ ತಂದಿಟ್ಟರು. ಒಳಗೆ ನನ್ನ ಮೊಳಕೈಯುದ್ದದ ಮೈ, ಅದಕ್ಕಿಂತ ಉದ್ದದ ಬಾಲ, ಬೆನ್ನಮೇಲೆ ಬಾಚಣಿಗೆಯ ಹಲ್ಲುಗಳಂಥ ಸಾಲು.

“ಆಂಟಿ, ಹದಿನೈದೇ ದಿನ. ಸೊಪ್ಪು ತಿನ್ನುತ್ತೆ ಅಷ್ಟೇ. ನಿಮ್ಮ ಥರಾನೇ ಪ್ಯೂರ್ ವೆಜ್” ಎಂದು ಆ ಹುಡುಗಿ ನಕ್ಕಳು.

ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬಲ್ಬು ಸಿಕ್ಕಿಸಿತ್ತು. ಸುಟ್ಟುಹೋಗಿ ಒಳಗೆಲ್ಲ ಕಪ್ಪಾಗಿತ್ತು. ಅದನ್ನು ಕೇಳಿದ್ದಕ್ಕೆ, “ಅದು ಸುಮ್ನೆ ಶೋಗೆ ಆಂಟಿ” ಎಂದಳು. ನಾನು ಬಲ್ಬನ್ನು ಬಿಚ್ಚಿ, ಒರೆಸಿ, ಮತ್ತೆ ಹಾಗೆಯೇ ಸಿಕ್ಕಿಸಿದೆ. ಒರೆಸಿದ್ದು ನೆನಪಿದೆ. ಬದಲಾಯಿಸಬೇಕು ಎಂದು ಹೊಳೆಯಲಿಲ್ಲ.

ಹದಿನೈದು ದಿನ ಕಳೆಯಿತು, ತಿಂಗಳಾಯಿತು. ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ಒಂದು ಮೆಸೇಜು ಬಂತು: ಪ್ಲೀಸ್ ಆಂಟಿ, ನೀವೇ ಇಟ್ಕೊಳ್ಳಿ, ಅದಕ್ಕೆ ನೀವಂದ್ರೆ ತುಂಬಾ ಇಷ್ಟ. ಅದರ ಮುಂದೆ ಮುಗಿದ ಎರಡು ಕೈಗಳ ಚಿತ್ರ. ಆಮೇಲೆ ಆ ನಂಬರೇ ಸತ್ತುಹೋಯಿತು.

ನಮ್ಮತ್ತೆ ಹಾವೇರಿ ಕಡೆಯವರು. ಮೊದಲ ದಿನ ಪೆಟ್ಟಿಗೆಯ ಹತ್ತಿರ ಸುಳಿಯಲೂ ಇಲ್ಲ. “ಉಡಾ ತಂದು ಮನ್ಯಾಗ ಇಟ್ಕೊಂಡೀಯಲ್ಲವಾ, ನಿನಗೇನ ಬ್ಯಾರೆ ಉದ್ಯೋಗ ಇಲ್ಲೇನ?” ಎಂದರು. ಆದರೆ ಶಿವರಾತ್ರಿಯ ಬೆಳಗ್ಗೆ ಅವರು ದೇವರ ಕೋಣೆಯಲ್ಲಿ ದೊಡ್ಡ ದೀಪ ಹಚ್ಚಿ ಲಿಂಗಪೂಜೆಗೆ ಕೂತಿದ್ದಾಗ, ಮುಚ್ಚಳ ಸರಿದ ಪೆಟ್ಟಿಗೆಯಿಂದ ಅದು ಮೆಲ್ಲಗೆ ಇಳಿದು, ಹಾಲು ದಾಟಿ, ಹೊಸ್ತಿಲು ಹತ್ತಿ ದೀಪದ ಮುಂದೆ ಹೋಗಿ ಕೂತಿತು. ಮುಖ ಜ್ವಾಲೆಯ ಕಡೆಗೆ, ಕಣ್ಣು ಅರ್ಧ ಮುಚ್ಚಿ. ಅತ್ತೆ ಪೂಜೆ ಮುಗಿಸಿ ಏಳುವವರೆಗೂ ಅಲುಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ: ವಿಭೂತಿ ಧರಿಸಿದ ಅತ್ತೆ, ನಡುವೆ ದೀಪ, ಆಚೆ ಅದು.

ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ.

“ನೋಡವಾ, ದೀಪಾ ಹಚ್ಚೂದ ತಡ, ಬಂದ ಕುಂತಬಿಡ್ತೈತಿ. ಹ್ವಾದ ಜಲ್ಮದಾಗ ಶರಣ ಇದ್ದಿರಬೇಕಿದು” ಎಂದು ಅತ್ತೆಯ ದನಿಯೇ ಬದಲಾಯಿತು. ಅದರ ಮೂತಿಯ ಸುತ್ತ, ಮೂಗಿಗಿಂತ ತುಸು ಮೇಲೆ, ಬಿಳಿಚಿಕೊಂಡ ಒಂದು ಪಟ್ಟೆಯಿತ್ತು. ಅತ್ತೆ ಅದನ್ನು ತೋರಿಸಿ, “ವಿಭೂತಿ ಹಚ್ಕೊಂಡ ಹುಟ್ಟೇತಿ” ಎಂದರು. ಅಂದಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ‘ಶರಣ’ ಎಂದೇ ಕರೆಯುವುದಾಯಿತು. ಎಡೆಯಿಟ್ಟ ಮೊಸರನ್ನ, ಬಾಳೆಹಣ್ಣು, ಒಂದು ಚೂರು ಹೋಳಿಗೆ, ಎಲ್ಲದರಲ್ಲೂ ಅದಕ್ಕೊಂದು ಪಾಲು. ನಾನೇ ಕಿವುಚಿ, ಬೆರಳ ತುದಿಯಿಂದ ತಿನ್ನಿಸುತ್ತಿದ್ದೆ.

ಯಾರಿಗೆ ಹೇಳಬೇಕೋ ಅವರಿಗೆಲ್ಲ ಅತ್ತೆ ಹೇಳಿದರು. ಶ್ರಾವಣದಲ್ಲಂತೂ ನಮ್ಮ ಮನೆಯ ಮುಂದೆ ಚಪ್ಪಲಿಗಳ ರಾಶಿ. ಬ್ರೂಕ್‌ಫೀಲ್ಡಿನ ನಮ್ಮ ಬೀದಿಯಿಂದಷ್ಟೇ ಅಲ್ಲ, ಬೆಳ್ಳಂದೂರಿನಿಂದಲೂ ಅತ್ತೆಯ ಬಳಗದವರು ಬಂದರು. ಸಂಘದ ಕಾರ್ಯದರ್ಶಿಗಳು ತಮ್ಮ ಬೀಗರನ್ನು ಕರೆತಂದು, “ಇದು ನಮ್ಮ ಅಪಾರ್ಟ್‌ಮೆಂಟ್ ಸ್ಪೆಷಲ್ ನೋಡಿ” ಎಂದು ಎದೆಯುಬ್ಬಿಸಿ ತೋರಿಸಿದರು. ವಿಡಿಯೋ ಮಾಡಿ ಅಪಾರ್ಟ್‌ಮೆಂಟಿನ ಮೊಬೈಲ್ ಗ್ರೂಪಿಗೆ ಹಾಕಿದ್ದೂ ಅವರೇ. ಅಷ್ಟು ಹೊತ್ತಿಗೆ ಅದರ ಮುಂಗಾಲಿನ ಬೆರಳುಗಳು ಕೂತಲ್ಲೇ ಸಣ್ಣಗೆ ಅದುರಲು ಶುರುವಾಗಿದ್ದವು, ಒಂದಾದ ಮೇಲೊಂದು, ಬಿಟ್ಟು ಬಿಟ್ಟು.

“ಬೆರಳ ನೋಡ್ರಿ” ಎಂದು ಅತ್ತೆ ಬಂದವರಿಗೆಲ್ಲ ಪಿಸುಗುಟ್ಟುತ್ತಿದ್ದರು. “ಜಪಾ ಎಣಸಾಕತ್ತೈತಿ.”

ಬಂದವರು ಕೈಮುಗಿದರು. ನಾನೂ ಮುಗಿದೆ. ಇದನ್ನು ಬರೆಯುವಾಗ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ಮೇಲಿನ ಮನೆಯ ಮಾಲೀಕರು ಇದೇ ಊರಿನ ಹಳೆಯ ಒಕ್ಕಲು ಮನೆತನದ ಹೆಂಗಸು. ಈ ಕಟ್ಟಡ ನಿಂತಿರುವುದು ಅವರ ರಾಗಿ ಹೊಲದ ಮೇಲೆ; ಅದರ ಬದಲಿಗೆ ಅವರಿಗೆ ನಾಲ್ಕು ಮನೆ ಬಂದಿದ್ದವು. ಎಪ್ಪತ್ತರ ಹತ್ತಿರ, ಕಿವಿಯಲ್ಲಿ ದೊಡ್ಡ ಓಲೆ, ಕಾಲಲ್ಲಿ ಮಗಳು ಕೊಡಿಸಿದ ಸ್ಪೋರ್ಟ್ಸ್ ಶೂ. ಖಾಲಿ ಮನೆ ನೋಡಲು ಬಂದವರು ನಮ್ಮಲ್ಲಿ ಕಾಫಿಗೆ ಕೂತರು. ಅತ್ತೆ ಅವರನ್ನೂ ದೇವರ ಕೋಣೆಗೆ ಕರೆದೊಯ್ದರು. ಹೊರಗೆ ಜಡಿಮಳೆ. ಅವರು ಕೈಮುಗಿಯಲಿಲ್ಲ. ಮಂಡಿಯೂರಿ ಕೂತು, ಅದರ ಹೊಟ್ಟೆಯ ಕೆಳಗೆ ಅಂಗೈ ತೂರಿಸಿದರು.

“ಏನಮ್ಮಾ ಇದು, ನೆಲದಂಗೆ ತಣ್ಣಗೈತೆ!”

“ಧ್ಯಾನದಾಗೈತಿ” ಎಂದರು ಅತ್ತೆ.

“ಯಾವ ಧ್ಯಾನಾನೂ ಇಲ್ಲ ಕಣಮ್ಮೋ. ಚಳಿ! ನಮ್ ಹಟ್ಟೀಲಿ ಮಳೆಗಾಲದಾಗೆ ಈದ್ರೆ ಕರು ಇಂಗೇ ಒಲೆ ತಾವ್ ಬಂದು ನಿಂತ್ಕಳದು. ಒಲೆಗೆ ಕೈ ಮುಗಿಯಕ್ಕೆ ಬತ್ತಿತ್ತಾ ಅದು? ಕೈಕಾಲು ನೋಡು, ಎಂಗೆ ನಡುಗ್ತಾವೆ. ಮೂತಿ ಮುಟ್ಟು, ಮುಟ್ ನೋಡು. ಬೆಂದ ಕಡುಬಿನಂಗೆ ಮೆತ್ತಗಾಗೈತೆ. ಇದುಕ್ಕೆ ಕಾಯ್ಲೆ.”

ನಾನು ಮುಟ್ಟಿದೆ. ದವಡೆಯ ಮೂಳೆ ಬೆರಳಿಗೆ ಒತ್ತಿದಲ್ಲಿ ಒಳಸರಿಯಿತು. ಹತ್ತಿರದಿಂದ ನೋಡಿದರೆ ಅದು ಒಂದು ಕಡೆಗೆ ಸೊಟ್ಟಗಾಗಿತ್ತು.

ಇಂಥ ಪ್ರಾಣಿಗಳನ್ನು ನೋಡುವ ವೈದ್ಯೆಯೊಬ್ಬರು ವೈಟ್‌ಫೀಲ್ಡಿನಲ್ಲೇ ಸಿಕ್ಕಿದರು. ಅವರು ಅದನ್ನು ಒಂದು ಟವೆಲಿನಲ್ಲಿ ಸುತ್ತಿ, ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮೂಳೆಗಳು ಇರಬೇಕಾದ ಕಡೆ ಮಂಜಿನ ಗೆರೆಗಳಿದ್ದವು. ಇದು ಬಿಸಿ ದೇಶದ ಕಾಡಿನದು, ಮೈಗೆ ನೇರ ಬಿಸಿಲು ಬೀಳದಿದ್ದರೆ ತಿಂದದ್ದು ಮೂಳೆಗೆ ಸೇರುವುದಿಲ್ಲ, ಗಾಜಿನ ಹಿಂದಿನ ಬಿಸಿಲು ಸಾಲದು ಎಂದು ವಿವರಿಸಿದರು. ನಮ್ಮ ಮನೆಗೆ ಗಾಜಿನ ಹಿಂದಿನ ಬಿಸಿಲೂ ಇರಲಿಲ್ಲ. ಎದುರಿಗೆ ಟೆಕ್‌ಪಾರ್ಕು ಎದ್ದ ಮೇಲೆ ಅದರ ಗಾಜಿನ ಮೈಮೇಲೆ ಬಿದ್ದು ಬಳಲಿ ಬರುವ ಬೆಳಕಷ್ಟೇ ನಮ್ಮ ಪಾಲಿನದು.

“ಬೆರಳು ಅದುರೋದು?” ಎಂದು ಕೇಳಿದೆ.

“ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಗಿದೆ ಮೇಡಂ. ಇನ್ನೂ ಇಳಿದ್ರೆ ಫಿಟ್ಸ್ ಬರುತ್ತೆ, ಆಮೇಲೆ ಉಳಿಯಲ್ಲ. ಏನ್ ಕೊಡ್ತಿದ್ರಿ?”

“ಮೊಸರನ್ನ.”

ಅವರು ನನ್ನನ್ನು ಬಯ್ಯಲಿಲ್ಲ. ಚೀಟಿ ಬರೆದುಕೊಟ್ಟರು: ಔಷಧಿ, ಸೊಪ್ಪುಗಳ ಪಟ್ಟಿ, ದಿನಾ ಎರಡು ಗಂಟೆ ಬಿಸಿಲು, ಮೋಡದ ದಿನಗಳಿಗೆ ಒಂದು ಬಗೆಯ ಬಲ್ಬು. ಹೊರಡುವಾಗ ಇನ್ನೊಂದು ಮಾತು ಹೇಳಿದರು: “ಇದಕ್ಕೆ ಪೇಪರ್ ಇದೆಯಾ? ಹೊರದೇಶದ ಇಂಥ ಪ್ರಾಣಿ ಮನೇಲಿದ್ರೆ ಸರ್ಕಾರಕ್ಕೆ ತಿಳಿಸಬೇಕು ಅಂತ ರೂಲ್ ಬಂದಿದೆ. ಎಲ್ಲಿಂದ ಬಂತು, ಯಾರ ಹತ್ರ ಇದೆ, ಹುಟ್ಟಿದ್ದು ಸತ್ತಿದ್ದು ಎಲ್ಲ ಬರೆದು ಆನ್‌ಲೈನ್ ಹಾಕಬೇಕು. ಕೊಟ್ಟಿದ್ದ ಟೈಮ್ ಆಗ್ಲೇ ಮುಗಿದಿದೆ. ಆದ್ರೂ ಹಾಕಿ. ಇಲ್ಲದಿದ್ರೆ ಸೂಟ್‌ಕೇಸಿನಲ್ಲಿ ಕಾಲುಚೀಲದೊಳಗೆ ತುರುಕಿ ತರೋರನ್ನ ಯಾರೂ ಹಿಡಿಯೋಕಾಗಲ್ಲ. ಎಷ್ಟೋ ದಾರೀಲೇ ಸತ್ತಿರ್ತವೆ.”

ಮನೆಗೆ ಬಂದು ಆ ಜಾಲತಾಣ ತೆರೆದೆ. ಹೆಸರು, ವಿಳಾಸ, ಪ್ರಾಣಿಯ ಜಾತಿ, ಅಳತೆ. ಆಮೇಲೊಂದು ಚೌಕ: ಇದನ್ನು ಪಡೆದದ್ದು ಹೇಗೆ? ಆ ಚೌಕದ ಮುಂದೆ ಕರ್ಸರು ಮಿಟುಕುತ್ತಾ ನಿಂತಿತು. ಪೆಟ್ಟಿಗೆಯ ಹಿಂಬದಿಗೆ ಅಂಗಡಿಯ ಒಂದು ಚೀಟಿ ಅಂಟಿತ್ತು. ಅರ್ಧ ಹರಿದಿದ್ದರೂ ಫೋನ್ ನಂಬರು ಓದಬಹುದಿತ್ತು. ಫೋನು ಮಾಡಿ ವಿಳಾಸ ಕೊಟ್ಟು, ಕಾಗದವೇನಾದರೂ ಇದ್ದರೆ ಕಳಿಸಿ ಎಂದು ಕೇಳಿದೆ.

ಕಳಿಸಲಿಲ್ಲ, ಅಂಗಡಿಯವನೇ ಬಂದ. ಮಾರನೆಯ ದಿನವೇ, ನಾನು ಕರೆಯದಿದ್ದರೂ. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲೊಂದು ಫೈಲು, ಇನ್ನೊಂದು ಕೈಯಲ್ಲಿ ಹೊಚ್ಚಹೊಸ ಬಲ್ಬಿನ ಡಬ್ಬಿ. ನಮ್ಮ ಮನೆಯವರು ಆ ದಿನ ಮನೆಯಲ್ಲೇ ಇದ್ದರು.

“ಮೇಡಂ, ಟೆನ್ಷನ್ನೇ ಬೇಡ. ಇದು ನಮ್ಮ ಬ್ರೀಡಿಂಗ್ ಫಾರಂನಲ್ಲೇ ಹುಟ್ಟಿದ್ದು ಅಂತ ಸರ್ಟಿಫಿಕೇಟ್ ತಂದಿದೀನಿ. ನೀವು ನಮ್ಮಿಂದ ತಗೊಂಡ್ರಿ ಅಂತ ಕೆಳಗೆ ಒಂದು ಸೈನ್. ಫಿನಿಶ್. ಈ ಲೈಟು ನನ್ನ ಕಡೆಯಿಂದ ಫ್ರೀ. ಚೆನ್ನಾಗಿ ಬಿಸಿ ಕೊಡುತ್ತೆ, ವಾರದಲ್ಲಿ ಹುಷಾರಾಗ್ಬಿಡುತ್ತೆ ನೋಡಿ.”

ಬಲ್ಬಿನ ಡಬ್ಬಿಯನ್ನು ಟೀಪಾಯಿಯ ಮೇಲೆ ನನ್ನ ಕಡೆಗೆ ಸರಿಸಿದ. ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಟವೆಲಿನ ಮೇಲೆ ಅದು ಅದುರುತ್ತಾ ಬಿದ್ದಿತ್ತು.

ಅವನ ಫೈಲಿನಲ್ಲಿ ಅಂಥವೇ ಹಾಳೆಗಳ ಒಂದು ದಪ್ಪ ಕಟ್ಟಿತ್ತು. ನಮ್ಮದನ್ನು ಎಳೆದು ಕೊಟ್ಟಾಗ ಕೆಳಗಿನ ಹಾಳೆ ಕಾಣಿಸಿತು; ಅದರಲ್ಲೂ ಅದೇ ಹುಟ್ಟಿದ ತಾರೀಖು, ಅದೇ ತಂದೆತಾಯಿ ಜೋಡಿಯ ನಂಬರು. ನಮ್ಮ ಹಾಳೆಯಲ್ಲಿ ಹುಟ್ಟಿದ್ದು ಮೇ ತಿಂಗಳು ಎಂದಿತ್ತು. ಪ್ರಾಣಿಯ ಗುರುತಿನ ಜಾಗ, ಅಳತೆಯ ಜಾಗ ಎರಡೂ ಖಾಲಿ.

“ಇದು ಮೇ ತಿಂಗಳಲ್ಲಿ ಹುಟ್ಟಿತಾ?” ಎಂದು ಕೇಳಿದೆ.

“ಹೌದು ಮೇಡಂ.”

ನಾನು ಮೊಬೈಲು ತೆಗೆದು ಶಿವರಾತ್ರಿಯ ಫೋಟೋ ತೋರಿಸಿದೆ. “ಹುಟ್ಟೋದಕ್ಕೆ ಮೂರು ತಿಂಗಳು ಮುಂಚೆ ನಮ್ಮ ಮನೇಲಿ ಪೂಜೆಗೆ ಕೂತಿದೆಯಲ್ಲಪ್ಪಾ.”

ಅವನು ನಕ್ಕ. ನಾಚಿಕೆಯ ನಗೆಯಲ್ಲ ಅದು, ಬುದ್ಧಿವಂತ ಮಗುವನ್ನು ಕಂಡಾಗಿನ ನಗೆ. “ಫಾರಂನಲ್ಲಿರೋ ತಂದೆತಾಯಿ ಜೋಡಿ ರಿಜಿಸ್ಟರ್ ಆಗಿದ್ದು ಏಪ್ರಿಲ್‌ನಲ್ಲಿ ಮೇಡಂ. ಮರಿ ಅದಾದ ಮೇಲೆ ತಾನೇ ಹುಟ್ಟಬೇಕು? ಯಾರ್ ಬಂದು ಅಳತೆ ಮಾಡ್ತಾರೆ ಬಿಡಿ. ಎಲ್ಲಾರೂ ಸೈನ್ ಹಾಕಿದಾರೆ, ದೊಡ್ಡ ದೊಡ್ಡೋರೇ ಹಾಕಿದಾರೆ. ನಿಮಗೆ ಬೇಡ ಅಂದ್ರೆ ವಾಪಸ್ ಕೊಟ್ಬಿಡಿ. ಮುಖ ಸೊಟ್ಟ ಆಗಿದೆ, ರೇಟು ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ. ನಾಳೆನೇ ಬೇರೆ ಮನೆ ಸೇರುತ್ತೆ.”

ನಮ್ಮ ಮನೆಯವರು ನನ್ನನ್ನು ಅಡುಗೆಮನೆಗೆ ಕರೆದರು.

“ಒಂದು ಸಹಿ ತಾನೇ, ಹಾಕಿ ಕಳ್ಸು. ಇಲ್ಲಾಂದ್ರೆ ಪ್ರಾಣಿ ಕೊಟ್ಟು ಕಳ್ಸು. ಪೇಪರ್ ಇಲ್ಲ, ಟೈಮೂ ಮುಗಿದಿದೆ ಅಂತ ನೀನೇ ಹೋಗಿ ಸರ್ಕಾರದ ಮುಂದೆ ನಿಂತ್ಕೊಂಡ್ರೆ ಕೇಸ್ ಹಾಕಲ್ಲ ಅಂತ ಏನ್ ಗ್ಯಾರಂಟಿ? ಯಾಕೆ ಬೇಕು ನಮಗೆ ಈ ಉಸಾಬರಿ?”

ಅವರು ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದವರು. ಬಿಡಿಭಾಗಗಳನ್ನು ನೋಡಿ ‘ಪಾಸ್’ ಎಂದು ಸಹಿ ಹಾಕುವುದೇ ಅವರ ಕೆಲಸ. ನಾನು ಸಿಂಕಿನ ಮೇಲಿದ್ದ ಲೋಟವನ್ನು ಬೋರಲು ಹಾಕುತ್ತಾ ಕೇಳಿದೆ:

“ಏನ್ರೀ, ನೀವು ಕಣ್ಣಿಂದ ನೋಡದೇ ಇರೋ ಪಾರ್ಟ್‌ಗೆ ಪಾಸ್ ಅಂತ ಸೈನ್ ಹಾಕ್ತೀರಾ?”

“ಅದು ಬೇರೆ, ಇದು ಬೇರೆ.”

“ಹಾಕ್ತೀರಾ?”

ಅವರು ನಾನು ಬೋರಲು ಹಾಕಿದ ಲೋಟವನ್ನೇ ಎತ್ತಿ ನೀರು ಕುಡಿದರು.

ನಾನು ಓದಿದ ಕಾನ್ವೆಂಟಿನಲ್ಲಿ ನಮಗೆ ಬರವಣಿಗೆ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅಕ್ಷರ ಸೊಟ್ಟಗಾದರೆ ಕ್ಷಮಿಸುತ್ತಿದ್ದರು, ಖಾಲಿ ಜಾಗ ಬಿಟ್ಟು ಅದರ ಕೆಳಗೆ ಹೆಸರು ಬರೆದರೆ ಮಾತ್ರ ಇಲ್ಲ. ಖಾಲಿ ಬಿಟ್ಟರೆ ಅಲ್ಲಿ ಬೇರೆಯವರು ಏನು ಬೇಕಾದರೂ ಬರೆದು ನಿಮ್ಮ ಬಾಯಲ್ಲಿ ಹೇಳಿಸುತ್ತಾರೆ, ಅದಕ್ಕೇ ಗೆರೆ ಎಳೆಯಿರಿ ಎನ್ನುತ್ತಿದ್ದರು. ರಜಾ ಅರ್ಜಿಯಲ್ಲೂ ನಾವು ಗೆರೆ ಎಳೆಯಬೇಕಿತ್ತು. ಆಗ ನಾವು ಹುಡುಗಿಯರೆಲ್ಲ ಹಿಂದಿನಿಂದ ನಗುತ್ತಿದ್ದೆವು.

ಹಾಲಿಗೆ ಬಂದು ಕೂತೆ. ನನ್ನ ಒಂದು ಸಹಿಯಿಂದ ಇದೊಂದೇ ಪ್ರಾಣಿ ‘ಇಲ್ಲೇ ಹುಟ್ಟಿದ್ದು’ ಆಗುವುದಿಲ್ಲ. ಆ ಕಟ್ಟಿನಲ್ಲಿದ್ದ ಅಷ್ಟೂ ಹಾಳೆಗಳಿಗೆ ಅದು ಸಾಕ್ಷಿಯಾಗುತ್ತದೆ. ಇನ್ನೂ ಕಾಲುಚೀಲದೊಳಗೇ ಇರುವವಕ್ಕೂ.

“ಸಹಿ ಹಾಕಲ್ಲಪ್ಪಾ” ಎಂದೆ. “ವಾಪಸ್ಸೂ ಕೊಡಲ್ಲ. ಲೈಟು ತಗೊಂಡು ಹೋಗಿ. ಕಾಫಿ ಕುಡೀತೀರಾ?”

ಅವನಿಗೆ ಸಿಟ್ಟು ಬಂತು. “ಒಳ್ಳೇದಕ್ಕೆ ಕಾಲ ಇಲ್ಲ ಮೇಡಂ. ಸಾರ್, ನೀವಾದ್ರೂ ಹೇಳಿ. ನಾಳೆ ಡಿಪಾರ್ಟ್‌ಮೆಂಟೋರು ಬಂದು ನಿಂತಾಗ ನನ್ನ ನಂಬರಿಗೆ ಫೋನ್ ಮಾಡ್ಬೇಡಿ.”

ನಮ್ಮ ಮನೆಯವರು ಬಾಗಿಲು ತೆರೆದು ಹಿಡಿದರು. “ಅವಳು ಒಂದ್ಸಲ ಬೇಡ ಅಂದ್ರೆ ಮುಗೀತು ಗುರು. ಇಪ್ಪತ್ತು ವರ್ಷದಿಂದ ನಾನೂ ಟ್ರೈ ಮಾಡಿದೀನಿ” ಎಂದರು. ಆಮೇಲೆ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ವೈದ್ಯೆ ಬರೆದುಕೊಟ್ಟಿದ್ದ ಬಗೆಯ ಬಲ್ಬನ್ನು ತಾವೇ ಬೇರೆ ಕಡೆಯಿಂದ ತಂದು, ಸುಟ್ಟ ಬಲ್ಬಿನ ಜಾಗಕ್ಕೆ ತಿರುಗಿಸಿದರು.

ಜಾಲತಾಣದ ಚೌಕದಲ್ಲಿ ನಾನು ಬರೆದೆ: ಮೇಲಿನ ಮನೆಯ ಬಾಡಿಗೆದಾರರು ಬಿಟ್ಟುಹೋದದ್ದು. ಅವರಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕಾಗದ ಯಾವುದೂ ಇಲ್ಲ. ಒಂದು ಅಂಗಡಿಯವರು ತಂದುಕೊಟ್ಟ ಕಾಗದ ಸುಳ್ಳಾದ್ದರಿಂದ ಸಹಿ ಹಾಕಿಲ್ಲ. ಬರೆದದ್ದನ್ನು ಇನ್ನೊಮ್ಮೆ ಓದಿದೆ. ‘ಕಳಿಸು’ ಎಂಬ ಗುಂಡಿ ಒತ್ತಿದೆ.

ಸುದ್ದಿ ಅಪಾರ್ಟ್‌ಮೆಂಟಿಗೆ ಹೇಗೆ ತಿಳಿಯಿತೋ, ಅತ್ತೆಯೇ ಹೇಳಿರಬೇಕು. ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತು ಮಾತಾಡಿದರು, ಒಳಗೆ ಬರಲಿಲ್ಲ. “ಮೇಡಂ, ಫಾರೆಸ್ಟ್‌ನವರ ಜೀಪು ನಮ್ಮ ಗೇಟಿಗೆ ಬಂದ್ರೆ ಏನ್ ಮರ್ಯಾದೆ? ಮನೆ ಬಾಡಿಗೆಗೆ ಹೋಗುತ್ತಾ? ಸುಮ್ನೆ ಕೆರೆ ಹತ್ರ ಬಿಟ್ಟು ಬಂದ್ಬಿಡಿ. ಪುಣ್ಯನೂ ಬರುತ್ತೆ.”

“ಕೆರೆ ಹತ್ರ ಬಿಟ್ರೆ ಸತ್ತುಹೋಗುತ್ತೆ ಸಾರ್. ಸಾಯದೇ ಉಳಿದ್ರೆ ಅಲ್ಲಿರೋ ಗಿಡಗಂಟೀನೆಲ್ಲ ತಿಂದು ಮುಗಿಸುತ್ತೆ. ನೀವೇ ವಿಡಿಯೋ ಮಾಡಿ ಹಾಕಿದ್ರಲ್ಲ, ಅದಿನ್ನೂ ಗ್ರೂಪಿನಲ್ಲಿದೆ.”

ಅದು ಆ ಸಂಜೆಯೇ ಗ್ರೂಪಿನಿಂದ ಮಾಯವಾಯಿತು. ಬೆಳಗಾದರೆ ಲಿಫ್ಟಿನಲ್ಲಿ ನೋಟಿಸು. ಇಡೀ ಕಟ್ಟಡದಲ್ಲಿ ನೇರ ಬಿಸಿಲು ಬೀಳುವುದು ತಾರಸಿಯ ನೀರಿನ ಟ್ಯಾಂಕಿನ ಪೂರ್ವಕ್ಕೆ ಮಾತ್ರ. ಅಲ್ಲಿಗೆ ಹೋಗಬೇಡ ಎಂದರೆ ಬೇರೆ ಮಾತಿನಲ್ಲಿ ಅದು ಸಾಯಲಿ ಎಂದಂತೆ. ನಾನು ಕೂಗಾಡಲಿಲ್ಲ, ಸಭೆ ಕರೆಯಲಿಲ್ಲ. ದಿನಾ ಎಂಟೂವರೆಗೆ ಬಟ್ಟೆಬುಟ್ಟಿ ಎತ್ತಿಕೊಂಡು ಹೋದೆ. ಎರಡು ಗಂಟೆ ಕೂತು ಬಟಾಣಿ ಬಿಡಿಸಿದೆ, ಸೊಪ್ಪು ಸೋಸಿದೆ. ದಂಟಿನ ಸೊಪ್ಪು ಬೇಡ, ಪಾಲಕ್ ಬೇಡ, ನುಗ್ಗೆಸೊಪ್ಪು ಒಳ್ಳೆಯದು ಎಂದಿದ್ದರು ವೈದ್ಯೆ. ಮೇಲಿನ ಮನೆಯ ಮಾಲೀಕರಿಗೆ ಅದು ತಿಳಿದು, ತಮ್ಮ ಹಿತ್ತಿಲಿನಲ್ಲಿ ಉಳಿದಿದ್ದ ಒಂದೇ ನುಗ್ಗೆಮರದ ಸೊಪ್ಪನ್ನು ವಾರಕ್ಕೆರಡು ಸಲ ತಂದುಕೊಡುತ್ತಿದ್ದರು. “ತಾರಸಿ ಯಾರಪ್ಪಂದಂತೆ?” ಎಂದು ಲಿಫ್ಟಿನ ಮುಂದೆ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದವರೂ ಅವರೇ. “ನಮ್ಮಪ್ಪನ ರಾಗಿ ಒಲ ಇದು. ಓತಿಕ್ಯಾತ ಬಿಸ್ಲು ಕಾಯ್ಸಿದ್ರೆ ಯಾರ ಗಂಟೂ ಓಗಾಕಿಲ್ಲ.”

ಅತ್ತೆ ಮಾತ್ರ ಅದರ ಹತ್ತಿರ ಬರುವುದನ್ನು ಬಿಟ್ಟಿದ್ದರು. ಪೂಜೆಗೆ ಕೂತಾಗ ದೇವರ ಕೋಣೆಯ ಬಾಗಿಲನ್ನು ಮುಂದೆ ಮಾಡಿಕೊಳ್ಳುತ್ತಿದ್ದರು. ಒಂದು ದಿನ ತಲೆ ಬಾಚಿಕೊಳ್ಳುತ್ತಾ, ನನ್ನ ಮುಖ ನೋಡದೆ ಅಂದರು: “ಅದು ಸಾಯಾಕತ್ತಿತ್ತು. ನಾ ಮಂದೀನ ಕರದು ತೋರಿಸಿದ್ನಲ್ಲವಾ.” ನಾನು ಅವರ ಕೈಯಿಂದ ಬಾಚಣಿಗೆ ತೆಗೆದುಕೊಂಡು ಹಿಂದಿನ ಸಿಕ್ಕು ಬಿಡಿಸಿದೆ. “ತಿನ್ನಿಸಿದ್ದು ನಾನು ಅತ್ತೆ” ಎಂದೆ.

ದಸರಾ ಕಳೆದ ಮೇಲೆ ಜೀಪು ಬಂದೇಬಂತು. ಅರಣ್ಯ ಇಲಾಖೆಯ ಅಧಿಕಾರಿ ಒಬ್ಬ ಹೆಂಗಸು, ನನ್ನ ತಂಗಿಯ ವಯಸ್ಸಿನವರು. ಬಾಲ್ಕನಿಗಳಲ್ಲಿ ತಲೆಗಳು ಮೂಡಿದವು. ಅವರು ಪೆಟ್ಟಿಗೆ ನೋಡಿದರು, ವೈದ್ಯೆಯ ಚೀಟಿ ನೋಡಿದರು, ಅಳತೆ ಪಟ್ಟಿ ತೆಗೆದು ಮೂತಿಯಿಂದ ಬಾಲದವರೆಗೆ ಅಳೆದರು. ಆಮೇಲೆ ಅದರ ಗಲ್ಲವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಮೂತಿಯ ಸುತ್ತಲಿನ ಆ ಬಿಳಿಚಿದ ಪಟ್ಟೆಯನ್ನು ಬೆಳಕಿಗೆ ತಿರುಗಿಸಿದರು.

“ಇದನ್ನ ನೋಡಿದ್ರಾ?”

ನಾನು ಮಾತಾಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: “ಏನ್ರೀ ಅದು?”

“ಟೇಪಿನ ಗುರುತು ಅಮ್ಮ. ಕಚ್ಚಬಾರದು ಅಂತ ಮರಿ ಇದ್ದಾಗಲೇ ಬಾಯಿಗೆ ಟೇಪು ಸುತ್ತಿ ತರ್ತಾರೆ. ಚರ್ಮ ಕಿತ್ತು ಬಂದು ಹೀಗೆ ಕಲೆ ಉಳಿಯುತ್ತೆ. ಫಾರಂನಲ್ಲಿ ಹುಟ್ಟಿದ್ರೆ ಇದು ಇರಬೇಕಾಗಿರಲಿಲ್ಲ.”

ಅತ್ತೆಯ ಕೈ ತಾನಾಗಿಯೇ ತಮ್ಮ ಹಣೆಯ ಮೇಲಿನ ವಿಭೂತಿಗೆ ಹೋಯಿತು. ಮುಟ್ಟದೆ ಅಲ್ಲೇ ನಿಂತಿತು.

ಅಧಿಕಾರಿ ನನ್ನ ಮುಂದೆ ಒಂದು ಹಾಳೆ ಇಟ್ಟರು. “ಹೇಳಿಕೆ ಬರೆದುಕೊಡಿ ಮೇಡಂ. ‘ಮನೆ ಹತ್ರ ಸಿಕ್ಕಿತು’ ಅಂತ ಒಂದು ಸಾಲು ಬರೆದರೂ ನಡೆಯುತ್ತೆ. ನಿಮಗೆ ತೊಂದರೆ ಇಲ್ಲ, ಅಂಗಡಿಯವರ ವಿಚಾರಕ್ಕೆ ನಿಮ್ಮನ್ನ ಮತ್ತೆ ಮತ್ತೆ ಕರೆಯೋದೂ ಇರಲ್ಲ. ನಿಜ ಪೂರ್ತಿ ಬರೆದ್ರೆ ಓಡಾಟ ಇರುತ್ತೆ, ಮುಂಚೆನೇ ಹೇಳ್ತೀನಿ.”

“ಪೂರ್ತಿ ಬರೆದ್ರೆ ಇದು ಆ ಅಂಗಡಿಗೆ ವಾಪಸ್ ಹೋಗುತ್ತಾ?”

“ಇಲ್ಲ. ಅದಂತೂ ಇಲ್ಲ. ಮೇಲಿಂದ ಆರ್ಡರ್ ಬರೋವರೆಗೆ ಡಾಕ್ಟರ್ ಹೇಳಿದಂತೆ ನೀವು ನೋಡ್ಕೊಳ್ಳಬಹುದು. ಆಮೇಲೆ ರಕ್ಷಣಾ ಕೇಂದ್ರಕ್ಕೆ ಕೊಡಿ ಅಂದ್ರೆ ಕೊಡಬೇಕು. ಮಾರೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ.”

ನಾನು ಪೆನ್ನು ತೆಗೆದುಕೊಂಡೆ. ದಂಪತಿಗಳು ಬಿಟ್ಟುಹೋದದ್ದು, ಅಂಗಡಿಯವನ ಕಟ್ಟು, ಎರಡು ಹಾಳೆಗಳಲ್ಲೂ ಒಂದೇ ಆಗಿದ್ದ ತಾರೀಖು, ಫೋಟೋ, ಉಚಿತ ಬಲ್ಬು, ಕೆರೆಗೆ ಬಿಡಿ ಎಂದ ಮಾತು, ಎಲ್ಲವನ್ನೂ ಬರೆದೆ. ಐದು ತಿಂಗಳು ಮೊಸರನ್ನ ತಿನ್ನಿಸಿದೆ, ಕಾಯಿಲೆಯಿಂದ ನಡುಗುತ್ತಿದ್ದುದನ್ನು ಜಪವೆಂದು ತಿಳಿದು ಕೈಮುಗಿದೆ ಎಂಬುದನ್ನೂ ಬರೆದೆ. ಅಧಿಕಾರಿ ತಲೆಕೆಳಗಾಗಿ ಓದುತ್ತಿದ್ದವರು, “ಅದೆಲ್ಲ ಬೇಕಾಗಿಲ್ಲ ಮೇಡಂ” ಎಂದರು.

“ಇರಲಿ, ಬೇಕು” ಎಂದೆ.

“ನಂದೂ ಬರಿ” ಎಂದರು ಅತ್ತೆ. ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. “ಮಂದೀನ ಕರದಾಕಿ ನಾನು ಅಂತ ಬರಿ. ನಾನೂ ಸಹಿ ಹಾಕ್ತೀನಿ.”

ಬರೆದೆ. ಅವರು ಒಂದೊಂದೇ ಅಕ್ಷರ ಒತ್ತಿ ಒತ್ತಿ ಸಹಿ ಹಾಕಿದರು, ಅದರ ಕೆಳಗೆ ನಾನು. ನನ್ನ ಕೊನೆಯ ಸಾಲಿಗೂ ಸಹಿಗಳಿಗೂ ನಡುವೆ ಮೂರು ಬೆರಳಷ್ಟು ಜಾಗ ಖಾಲಿ ಉಳಿದಿತ್ತು. ಅದರ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದೆ. ಅಧಿಕಾರಿ ಅದನ್ನು ನೋಡಿ, ನನ್ನನ್ನು ನೋಡಿ, ಹಾಳೆಯನ್ನು ಫೈಲಿಗೆ ಸೇರಿಸಿದರು.

ಮಾರನೆಯ ಬೆಳಗ್ಗೆ ಎಂಟೂವರೆಗೆ ಬುಟ್ಟಿ ಎತ್ತಿಕೊಂಡೆ. ಸೀರೆ ಮುಚ್ಚಲು ಹೋದವಳು ಅದನ್ನು ಮಡಚಿ ಕುರ್ಚಿಯ ಮೇಲಿಟ್ಟೆ. ಲಿಫ್ಟಿನಲ್ಲಿ ಕಾರ್ಯದರ್ಶಿಗಳಿದ್ದರು. ಬುಟ್ಟಿಯ ಅಂಚಿನ ಮೇಲೆ ಗಲ್ಲವಿಟ್ಟು ಅದು ಅವರನ್ನು ಒಂದೇ ಕಣ್ಣಿನಿಂದ ನೋಡಿತು. ಅವರು ಗೋಡೆಗೆ ಒತ್ತಿ ನಿಂತರು.

“ಮೇಡಂ, ನೋಟಿಸ್ ನೋಡಿಲ್ವಾ ನೀವು?”

“ನೋಡಿದೀನಿ ಸಾರ್. ಬಿದ್ದುಹೋಗ್ತಿತ್ತು, ನಾನೇ ಅಂಟಿಸಿದೆ.”

ಅವರು ನಾಲ್ಕನೆಯ ಮಹಡಿಯಲ್ಲಿ ಇಳಿದುಹೋದರು. ತಾರಸಿಯಲ್ಲಿ ಟ್ಯಾಂಕಿನ ಪಕ್ಕ ಅತ್ತೆ ಆಗಲೇ ಬಂದು ಚಾಪೆ ಹಾಸಿ ಕೂತಿದ್ದರು, ಮಡಿಲಲ್ಲಿ ನುಗ್ಗೆಸೊಪ್ಪು. ಅದನ್ನು ಬಿಸಿಲಿಗೆ ಇಳಿಸಿದೆ. ಬೂದು ತಿರುಗಿದ್ದ ಬೆನ್ನು ನಿಧಾನಕ್ಕೆ ಹಸಿರಾಗತೊಡಗಿತು. ಅತ್ತೆ ಒಂದು ಕಡ್ಡಿ ಸೊಪ್ಪು ಮುಂದೆ ಹಿಡಿದರು. ದವಡೆ ಇನ್ನೂ ಸೊಟ್ಟಗೇ ಇತ್ತು, ಇನ್ನು ಸರಿಯಾಗುವುದಿಲ್ಲವಂತೆ. ಆದರೆ ಅದು ಮುಂಗಾಲನ್ನು ಎತ್ತಿ, ಅತ್ತೆಯ ಮಣಿಕಟ್ಟಿನ ಮೇಲಿಟ್ಟು, ಐದೂ ಬೆರಳಿನಿಂದ ಬಿಗಿಯಾಗಿ ಹಿಡಿದು ಸೊಪ್ಪನ್ನು ಎಳೆದುಕೊಂಡಿತು.

ಅತ್ತೆ ಕೈಮುಗಿಯಲಿಲ್ಲ. ಆ ಬೆರಳುಗಳನ್ನೇ ನೋಡುತ್ತಾ, “ಉಗುರು ಚುಚ್ಚಿಬಿಡ್ತು ನೋಡು ಹಲ್ಕಟ್ಟು” ಎಂದು ಬೈದು, ಇನ್ನೊಂದು ಕಡ್ಡಿ ತೆಗೆದರು.